ಕ್ಲೀನರ್ ಸೈಡಿನ ಆರ್ಮ್

'ಗಾಡಿ ರಿಪೇರಿ ಆಗದೇ ಇದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸತೊಡಗಿದೆ. ಇದನ್ನು ಬರೆಯುವಾಗಲೂ ಹೆದರಿಕೆಯಾಗುತ್ತಿದೆ. ಅಪ್ಪ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಒಂದು ಸಾಮಾನಿಗಾಗಿ ಊರೂರು ಅಲೆಯುತ್ತಿರುವಾಗ ಮನೆಯ ಮಗಳು ಹೀಗೆ ಅಂದುಕೊಳ್ಳಬಹುದೇ?'

ಇಷ್ಟು ಬರೆದು ಪ್ರಾಚಿ ಡೈರಿ ಮುಚ್ಚಿದಳು. ಮುಚ್ಚಿದ ಮೇಲೆ ಮತ್ತೆ ತೆರೆದು, 'ಮನೆಯ ಮಗಳು' ಎಂಬುದನ್ನು ಹೊಡೆದು 'ನಾನು' ಎಂದು ಬರೆದಳು. ಪಡಸಾಲೆಯಲ್ಲಿ ಅವ್ವ ತುಳಸಾಬಾಯಿ ಫ್ಯಾನಿನ ಕೆಳಗೆ ಬರಿ ನೆಲದ ಮೇಲೆ ಮಲಗಿದ್ದಳು. ಮಧ್ಯಾಹ್ನದ ಆ ಒಂದು ತಾಸು ಮಾತ್ರ ಪ್ರಾಚಿಯನ್ನು ಯಾರೂ ಕರೆಯುತ್ತಿರಲಿಲ್ಲ. ಡೈರಿಯನ್ನು ಬಿ.ಎ. ಮೂರನೇ ವರ್ಷದ ಇತಿಹಾಸದ ನೋಟ್ಸಿನ ಕಟ್ಟಿನೊಳಗೆ ತೂರಿಸಿ, ಕಟ್ಟನ್ನು ಟ್ರಂಕಿನ ತಳಕ್ಕಿಟ್ಟು, ಅವಳು ಚಹಾಕ್ಕೆ ಎಸರಿಟ್ಟಳು.

ಗಾಡಿಯೆಂದರೆ ಅವರ ಮನೆಯ ಉದ್ದನೆಯ ಬೂದುಬಣ್ಣದ ವ್ಯಾಗನ್. ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿದರೆ ಒಂದು ಕಪಾಟನ್ನು ಅಡ್ಡ ಮಲಗಿಸಿ, ಅದರ ಪಕ್ಕದಲ್ಲಿ ಇಬ್ಬರು ಮಕ್ಕಳು ಕೂರಬಹುದಿತ್ತು. ಪ್ರಾಚಿಯ ಅಪ್ಪ ಶಿವಾನಂದ ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಹದಿನೆಂಟು ವರ್ಷದ ಹಿಂದೆ ನಿವೃತ್ತನಾದ ಎಂಜಿನಿಯರೊಬ್ಬನಿಂದ ಅದನ್ನು ಕೊಂಡಿದ್ದ. ಅಂಥ ಗಾಡಿ ಈಗ ವಿಜಯಪುರದಲ್ಲಿ ಇನ್ನೊಂದಿರಲಿಲ್ಲ. ಹಿರಿಯ ಮಗಳು ಪೂರ್ವಾ ಗಂಡನ ಮನೆಗೆ ಹೋದದ್ದು ಅದರಲ್ಲಿ, ಬಾಣಂತನಕ್ಕೆ ಬಂದದ್ದು ಅದರಲ್ಲಿ, ಅವಳಿ ಕೂಸುಗಳೊಂದಿಗೆ ಸಾಂಗ್ಲಿಗೆ ಮರಳಿದ್ದೂ ಅದರಲ್ಲೇ. ಮೂರು ವಾರದ ಹಿಂದೆ ಮುಸ್ಸಂಜೆಯಲ್ಲಿ ಅರಕೇರಿಯಿಂದ ಬರುವಾಗ, ಕಲ್ಲು ಹೇರಿಕೊಂಡು ದೀಪವಿಲ್ಲದೆ ನಿಂತಿದ್ದ ಟ್ರೇಲರಿಗೆ ಶಿವಾನಂದ ಗಾಡಿಯನ್ನು ತಾಗಿಸಿದ. ಅವನ ಮೊಣಕಾಲು ಬಾತಿತು. ಗಾಡಿಯ ಮುಂದಿನ ಬಲಗಡೆ ನುಜ್ಜಾಯಿತು.

ಇಟ್ಟಂಗಿಹಾಳ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ಯಾಸೀನ ಅದನ್ನು ಒಂದು ದಿನ ಪೂರ್ತಿ ಸುತ್ತಿ ಸುತ್ತಿ ನೋಡಿ, ಕೈ ಒರೆಸಿಕೊಂಡು ಹೇಳಿದ್ದ: "ನುಜ್ಜಾದ ತಗಡು ಬಡದು ನೆಟ್ಟಗ ಮಾಡ್ತೀನಿ ಸರ. ರೇಡಿಯೇಟರ್‌ಗೆ ಬೆಸುಗಿ ಹಾಕ್ತೀನಿ. ಆದ್ರ ಗಾಲಿ ಹಿಡಕೊಂಡಿರೂ ಆರ್ಮ್ ಸೊಟ್ಟಗಾಗೇತಿ. ಅದನ್ನ ಬಡದು ನೆಟ್ಟಗ ಮಾಡಿ ಕೊಟ್ರ ನಾ ನಿಮ್ಮನ್ನ ಕೊಂದಂಗ. ಹೊಸಾದು ಕಂಪನಿಯವ್ರು ಮಾಡೂದು ಬಿಟ್ಟು ಇಪ್ಪತ್ತು ವರ್ಷಾತು. ಸತ್ತ ಗಾಡಿ ಹುಡುಕಬೇಕು."

"ಇಂಥಾ ಗಾಡಿ ಎಲ್ಲಿ ಸತ್ತಾವೋ ಯಾಸೀನ?"

"ಇಂಥಾದ್ದೇ ಬೇಕಂತಿಲ್ರಿ. ಅದೇ ಕಂಪನಿಯ ಹಳೇ ಪಿಕಪ್ ಇದ್ರೂ ನಡೀತೈತಿ. ಮುಂದಿನ ಮಾರಿ ಬ್ಯಾರೆ, ಕಾಲು ಒಂದ."

ಪ್ರಾಚಿ ಹೆದರಿದ್ದು ಗಾಡಿಗಲ್ಲ, ಅದು ಹೋಗಬೇಕಾಗಿದ್ದ ಊರಿಗೆ. ಪೂರ್ವಾ ಸಾಂಗ್ಲಿಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಕೂಸುಗಳನ್ನು ನೋಡಿಕೊಳ್ಳುತ್ತಿದ್ದ ಕೆಲಸದಾಕೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಪೂರ್ವಾಳ ರಜೆ ಮುಗಿಯುತ್ತ ಬಂದಿತ್ತು. ಒಂದು ದಿನ ಫೋನಿನಲ್ಲಿ ಅವ್ವ, "ಪ್ರಾಚಿ ಹೆಂಗೂ ಮನ್ಯಾಗ ಅದಾಳಲ್ಲ" ಅಂದಳು. ಅಲ್ಲಿಂದ ಅದು ಎಲ್ಲರ ಬಾಯಲ್ಲೂ ಬಂತು. ಅಪ್ಪ ಅಂದ, ಭಾವ ನಂದಕಿಶೋರ ಅಂದ, ಕೊನೆಗೆ ಪೂರ್ವಾಳೇ ಅಂದಳು: "ಪ್ರಾಚೀ, ನೀ ಬಂದ್ರ ನನಗ ಜೀವ ಬಂದಂಗಾಗ್ತೈತಿ ನೋಡ. ಎರಡ ವರ್ಷ ಅಷ್ಟ. ಕೂಸುಗೋಳು ಸಾಲಿಗೆ ಹತ್ತೂ ತನಕ." ಪೂರ್ವಾಳ ದನಿಯಲ್ಲಿ ದಣಿವಿತ್ತು. ಪ್ರಾಚಿಗೆ ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಅದೇ ಕಷ್ಟವಾಗಿತ್ತು. ಅವಳು "ಹೂಂ" ಅಂದಿದ್ದಳು. ಅವಳ 'ಹೂಂ' ಯಾವಾಗಲೂ ಒಪ್ಪಿಗೆಯೇ ಆಗುತ್ತಿತ್ತು. ಕೇಳಿಸಿಕೊಂಡೆ ಎನ್ನುವುದಕ್ಕೂ ಅವಳಲ್ಲಿ ಬೇರೆ ಮಾತಿರಲಿಲ್ಲ.

ಹಾಗೆ ಅಂದ ನಾಲ್ಕನೇ ದಿನಕ್ಕೆ ಮೊಬೈಲಿಗೆ ಸಂದೇಶ ಬಂತು. ತೊರವಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ.ಗೆ ಅವಳಿಗೆ ಸೀಟು ಸಿಕ್ಕಿತ್ತು. ಮನೆಯಲ್ಲಿ ಹೇಳದೆ ಗೆಳತಿ ಮೇಘಾಳ ಮೊಬೈಲಿನಿಂದ ಅರ್ಜಿ ಹಾಕಿದ್ದಳು, ಸಿಗಲಾರದು ಎಂಬ ಧೈರ್ಯದಿಂದಲೇ. ಶುಕ್ರವಾರ ಸಂಜೆಯೊಳಗೆ ಮೂಲ ಅಂಕಪಟ್ಟಿಗಳೊಂದಿಗೆ ಬಂದು ಹೆಸರು ಹಚ್ಚದಿದ್ದರೆ ಸೀಟು ಮುಂದಿನವರಿಗೆ. ಅಂಕಪಟ್ಟಿಗಳು ಅಪ್ಪನ ಕಬ್ಬಿಣದ ಕಪಾಟಿನಲ್ಲಿದ್ದವು, ಕೀಲಿ ಅವ್ವನ ಸೊಂಟದಲ್ಲಿತ್ತು. ಕೇಳಬೇಕು. ಕೇಳಿದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಹೇಳಬೇಕು.

ಸಾಂಗ್ಲಿಗೆ ಬಸ್ಸುಗಳಿದ್ದವು, ಬಾಡಿಗೆ ಕಾರುಗಳಿದ್ದವು. ಆದರೆ ಅಪ್ಪನ ಹಟವೇ ಬೇರೆ. "ತೊಟ್ಲಾ, ಹಾಸಗಿ, ಕೂಸುಗೋಳ ಸಾಮಾನು, ಇಕಿ, ಎಲ್ಲಾ ನಮ್ಮ ಗಾಡ್ಯಾಗ ಹೋಗಬೇಕು. ಬಾಡಿಗಿ ಗಾಡ್ಯಾಗ ಮಗಳನ್ನ ಕಳಿಸಿದ್ರು ಅಂತ ಬೀಗರು ಅನ್ನಬಾರದು." ಹಾಗಾಗಿ ಪ್ರಾಚಿಗೂ ಸಾಂಗ್ಲಿಗೂ ನಡುವೆ ಉಳಿದದ್ದು ಕಬ್ಬಿಣದ ಒಂದೇ ಒಂದು ತುಂಡು.

ಸೋಮವಾರ ಅಪ್ಪ ಮತ್ತು ಅವಳು ಬಸ್ಸಿನಲ್ಲಿ ತಿಕೋಟಾಕ್ಕೆ ಹೋದರು. ಅಲ್ಲಿಯ ದ್ರಾಕ್ಷಿ ತೋಟವೊಂದರಲ್ಲಿ ಹಳೇ ಪಿಕಪ್ ನಿಂತಿದೆ ಎಂದು ಯಾಸೀನನಿಗೆ ಸುದ್ದಿ ಸಿಕ್ಕಿತ್ತು. ಶೆಡ್ಡಿನಲ್ಲಿ ಮೂರು ಗಾಡಿ ಬಿಚ್ಚಿಕೊಂಡು ಕೂತಿದ್ದ ಅವನು ತಾನು ಬರಲಾರದೆ, ತಿಕೋಟಾದ ಗ್ಯಾರೇಜಿನ ಪ್ರತಾಪನಿಗೆ ಫೋನು ಮಾಡಿದ್ದ. ಯಾವ ಸಾಮಾನು ಬೇಕೆಂಬ ಚೀಟಿ ಪ್ರಾಚಿಯದು. ಹಿಂದಿನ ದಿನ ಯಾಸೀನ ಗಾಡಿಯ ಕೆಳಗೆ ಮಲಗಿ "ಈ ಕಡೀದು, ತಂಗಿ, ಈ ಕಡೀದು" ಎಂದು ಬೋಲ್ಟು ಬಿಚ್ಚುವ ಪಾನಾದಿಂದ ಬಡಿದು ತೋರಿಸಿದ್ದ. ಗಾಡಿಗೆ ಎದುರಾಗಿ ನಿಂತಿದ್ದ ಅವಳು ದುಂಡಗೆ ಬರೆದುಕೊಂಡಿದ್ದಳು: ಮುಂದಿನ ಎಡಗಡೆಯ ಕೆಳಗಿನ ಆರ್ಮ್.

ತೋಟ ಸೀತವ್ವನದು. ಎಪ್ಪತ್ತರ ಮುದುಕಿ, ಒಣದ್ರಾಕ್ಷಿಯ ಶೆಡ್ಡಿನ ನೆರಳಲ್ಲಿ ಕಾಲು ಚಾಚಿ ಕಡ್ಡಿ ಆರಿಸುತ್ತ ಕೂತಿದ್ದಳು. ಪಿಕಪ್ ಇಟ್ಟಿಗೆಗಳ ಮೇಲೆ ನಿಂತಿತ್ತು. ಪ್ರತಾಪ ಅದರ ಕೆಳಗೆ ತೂರಿ, ಅಲ್ಲಿಂದಲೇ ಹೇಳಿದ: "ನಿಮ್ಮ ನಶೀಬ ಚಲೋ ಐತ್ರಿ ಸರ. ಬಲಗಡೆಯದು ಮುರಿದು ಎರಡು ತುಂಡಾಗೇತಿ, ನಿಮಗ ಬೇಕಾದ ಎಡಗಡೆಯದು ಗಟ್ಟಿ ಐತಿ."

ಅಪ್ಪನಿಗೆ ಇದು ಕೇಳಿಸಲಿಲ್ಲ. ಅವನು ಮೊಣಕಾಲು ನೀವಿಕೊಳ್ಳುತ್ತ ದೂರದಲ್ಲಿ ಬೇವಿನ ಮರದ ಕಟ್ಟೆಯ ಮೇಲೆ ಕೂತು ಕಚೇರಿಗೆ ಫೋನು ಹಚ್ಚಿದ್ದ.

"ಗಾಡಿ ಯಾವಾಗ ನಿಂತದ್ರಿ ಆಯಿ?" ಎಂದು ಪ್ರಾಚಿ ಕೇಳಿದಳು. ಮಾತು ಬೇಕಾಗಿರಲಿಲ್ಲ, ಸುಮ್ಮನಿದ್ದರೆ ಮುದುಕಿ ತನ್ನ ಬಗ್ಗೆ ಕೇಳಿಯಾಳು ಎಂದು ಕೇಳಿದಳು.

"ನಮ್ಮ ಯಜಮಾನ್ರು ತೀರಿಕೊಂಡ ವರ್ಷ ನಿಂತೈತಿ. ನಿಂದರ್ತೈತಿ ಅಂತ ನಾನೂ ಅಂದುಕೊಂಡಿದ್ದಿಲ್ಲ. ಮೊದಲ ಬ್ಯಾಟರಿ ಕೇಳಾಕ ಬಂದ್ರು. ನಿಂತೈತಲ್ಲ, ಒಯ್ರಿ ಅಂದೆ. ಆಮ್ಯಾಲ ಟಾಯರ್ ಒಯ್ದ್ರು. ಸೀಟ ಒಯ್ದ್ರು. ನಿನ್ನೆ ಮೊನ್ನೆ ಯಾರೋ ಒಬ್ಬಾಂವ ಕನ್ನಡಿ ಬಿಚ್ಚಕೊಂಡು ಹ್ವಾದ, ಕೇಳಲೇ ಇಲ್ಲ." ಸೀತವ್ವ ನಕ್ಕಳು. ಬಾಯಲ್ಲಿ ಮೂರು ಹಲ್ಲಿದ್ದವು. "ನಿಂತೈತಿ ಅಂತ ಗೊತ್ತಾದ್ರ ಸಾಕು ನೋಡ ಬೇ. ಓಡೂವಾಗ ಒಬ್ಬರೂ ಕೇಳಾಂಗಿಲ್ಲ. ಹೌದು, ನೀ ಏನ್ ಮಾಡ್ತಿ?"

"ಬಿ.ಎ. ಮುಗದೈತ್ರಿ. ಮನ್ಯಾಗ ಅದೀನಿ."

ಸೀತವ್ವ ಕಡ್ಡಿ ಆರಿಸುವುದನ್ನು ನಿಲ್ಲಿಸಿ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಒಂದು ಹಿಡಿ ಒಣದ್ರಾಕ್ಷಿಯನ್ನು ಅವಳ ಕೈಗೆ ಹಾಕಿ, ತನ್ನ ಕೆಲಸಕ್ಕೆ ತಿರುಗಿದಳು.

ಮರಳುವಾಗ ಗೋಣಿಚೀಲದಲ್ಲಿ ಸುತ್ತಿದ ಆರ್ಮನ್ನು ಬಸ್ಸಿನಲ್ಲಿ ಪ್ರಾಚಿಯೇ ತೊಡೆಯ ಮೇಲಿಟ್ಟುಕೊಂಡಳು. ಅಪ್ಪನ ಮೊಣಕಾಲಿಗೆ ಅದು ತಾಗಬಾರದಿತ್ತು. ಕೂಸಿನಷ್ಟು ಭಾರವಿತ್ತು. ಗ್ರೀಸಿನ ಕಲೆ ಚೂಡಿದಾರಕ್ಕೆ ಇಳಿಯುತ್ತಿದ್ದರೂ ಎತ್ತಿ ಸರಿಸಲು ಜಾಗವಿರಲಿಲ್ಲ. ಪಕ್ಕದಲ್ಲಿ ಅಪ್ಪ, ಕಾಲ ಬಳಿ ಯಾರದೋ ಜೋಳದ ಚೀಲ, ಮೇಲೆ ನಿಂತವರ ಮೊಣಕೈ. ತೊರವಿ ಬಂತು. ವಿಶ್ವವಿದ್ಯಾಲಯದ ಗೇಟಿನ ಎದುರು ಬಸ್ಸು ನಿಂತು, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯರು ನಗುತ್ತ ಹತ್ತಿದರು. ಶುಕ್ರವಾರ ನಮ್ಮ ಗಾಡಿಯೂ ಇದೇ ರಸ್ತೆಯಲ್ಲಿ, ಇದೇ ಗೇಟಿನ ಮುಂದೆಯೇ ಹಾದು ಸಾಂಗ್ಲಿಗೆ ಹೋಗುತ್ತದೆ, ಅಂದುಕೊಂಡಳು.

"ಅಪ್ಪಾ."

"ಏನವಾ?"

"ಏನಿಲ್ಲ. ಭಾರ ಐತಿ ಅಂದೆ."

"ಇನ್ನೇನ ಬಂತು ಊರು," ಎಂದು ಅಪ್ಪ ಕಣ್ಣು ಮುಚ್ಚಿದ.

ಶೆಡ್ಡಿನಲ್ಲಿ ಯಾಸೀನ ಗೋಣಿ ಬಿಚ್ಚಿ, ಆರ್ಮನ್ನು ಕೈಯಲ್ಲಿ ಹೊರಳಿಸಿ ನೋಡಿ, ಗಾಡಿಯ ಕಡೆ ನೋಡಿ, ಮತ್ತೆ ಆರ್ಮನ್ನು ನೋಡಿದ. ಅವನ ಮೀಸೆ ಅಲುಗಿತು. "ತಂಗಿ, ನೀ ಎಲ್ಲಿ ನಿಂತು ಬರದಿ?"

"ಇಲ್ಲೇ, ಗಾಡಿ ಮುಂದ."

"ಹಂಗಂದ್ರ ಗಾಡಿ ನಿನ್ನ ಮಾರಿ ನೋಡತಿತ್ತು, ನೀ ಗಾಡಿ ಮಾರಿ ನೋಡತಿದ್ದಿ. ನಿನ್ನ ಎಡ ಅದರ ಬಲ ಆಗಲಿಲ್ಲೇನು? ನಾವು ಎಡಾ ಬಲಾ ಅನ್ನಾಂಗಿಲ್ಲ, ಇದಕ್ಕ. ಲಾರ್‍ಯಾಗ ಡ್ರೈವರ್ ಕುಂತದ್ದು ಡ್ರೈವರ್ ಸೈಡ್, ಕ್ಲೀನರ್ ಕುಂತದ್ದು ಕ್ಲೀನರ್ ಸೈಡ್. ಎಲ್ಲಿ ನಿಂತ್ರೂ ಬದಲಾಗಾಂಗಿಲ್ಲ. ಇದು ಕ್ಲೀನರ್ ಸೈಡಿಂದು. ಸರ್ ಗುದ್ದಿದ್ದು ಡ್ರೈವರ್ ಸೈಡು."

ಅಪ್ಪ ಒಂದು ಗಳಿಗೆ ಮುಖ ಗಂಟಿಕ್ಕಿದವನು, ನಕ್ಕುಬಿಟ್ಟ. "ಅಲ್ಲ ಬೇ, ಬಿ.ಎ. ಫಸ್ಟ್ ಕ್ಲಾಸು, ಎಡಾ ಬಲಾ ತಿಳೀಲಿಲ್ಲ? ಪೂರ್ವಾನ ಕೂಸುಗೋಳಿಗೆ ಎಡಗಾಲಾಗ ಬಲಗಾಲ ಬೂಟು ಹಾಕಿ ಕುಂದರಸ್ತಿ ನೀ."

ಎಲ್ಲರೂ ನಕ್ಕರು. ಪ್ರಾಚಿಯೂ ತಲೆ ತಗ್ಗಿಸಿ ನಕ್ಕಳು. ನಾಚಿಕೆಯಿಂದ ಮುಖ ಬಿಸಿಯಾಗಿತ್ತು. ಆದರೆ ನಾಚಿಕೆಯ ಕೆಳಗೆ, ಯಾರಿಗೂ ಕಾಣದಂತೆ, ಒಂದು ಸಣ್ಣ ನೆಮ್ಮದಿ ಕಾಲು ಚಾಚಿ ಕೂತಿತ್ತು. ತಿಕೋಟಾದ ಗಾಡಿಯ ಡ್ರೈವರ್ ಸೈಡ್ ಮುರಿದಿದೆ. ಇನ್ನೊಂದು ಗಾಡಿ ಸಿಗುವವರೆಗೆ ಶುಕ್ರವಾರ ದಾಟಬಹುದು. ಶುಕ್ರವಾರ ಮಧ್ಯಾಹ್ನ ಅವ್ವ ಮಲಗಿದಾಗ ಕೀಲಿ, ಆಮೇಲೆ ಸಿಟಿ ಬಸ್ಸು. ಹಾಗೆಲ್ಲ ತನ್ನಿಂದ ಆಗದು ಎಂದು ಗೊತ್ತಿದ್ದರೂ ಅಂದುಕೊಳ್ಳಲು ಹಿತವಾಗಿತ್ತು.

ಮಂಗಳವಾರ ಸಂಜೆ ಯಾಸೀನ ಮನೆಗೇ ಫೋನು ಮಾಡಿದ. ಬಬಲೇಶ್ವರದಲ್ಲಿ ಪಿಕಪ್ ಅಲ್ಲ, ಇವರದೇ ಜಾತಿಯ ವ್ಯಾಗನ್ ಒಂದು ಮನೆಯ ಹಿತ್ತಲಲ್ಲಿ ನಿಂತಿದೆಯಂತೆ. "ಮುಂಜಾನೆ ನಾ ಸಂಬಂಧಿಕರ ಮಣ್ಣಿಗೆ ಹೋಗಬೇಕ್ರಿ. ನನ್ನ ಹೇಂತಿ ತಮ್ಮ ರಿಜ್ವಾನನ್ನ ಟೆಂಪೊ ಕೊಟ್ಟು ನಿಮ್ಮ ಮನೀಗೇ ಕಳಸ್ತೀನಿ. ಹೋದ ವಾರ ಹುಬ್ಬಳ್ಳಿಂದ ಬಂದಾನ, ಕೆಲಸಗಾರ. ಅಂವ ನಿಮ್ಮ ಗಾಡಿ ನೋಡಿಲ್ಲ, ತಂಗಿಗೆ ಸರಿಯಾಗಿ ಬರಕೋ ಅನ್ರಿ, ಡ್ರೈವರ್ ಸೈಡ್ ಅಂತ."

ಅಪ್ಪನ ಎದುರೇ ಅವಳು ಬರೆದಳು. ಮುಂದಿನ ಡ್ರೈವರ್ ಸೈಡ್, ಕೆಳಗಿನ ಆರ್ಮ್. ಅಪ್ಪ ಕನ್ನಡಕ ಹಾಕಿಕೊಂಡು ಓದಿ, "ಹಾಂ, ಈಗ ಬರೋಬರಿ" ಎಂದು ಪೂರ್ವಾಳಿಗೆ ಫೋನು ಹಚ್ಚಿದ. ಗುರುವಾರ ಕೂಡಿಸುತ್ತಾರೆ, ಶುಕ್ರವಾರ ನಸುಕಿನಲ್ಲೇ ಹೊರಡುತ್ತೇವೆ. ಅವ್ವ ತೊಟ್ಟಿಲನ್ನು ಒರೆಸಿ ಪಡಸಾಲೆಯಲ್ಲಿಟ್ಟಳು. ಅದರೊಳಗೆ ಪ್ರಾಚಿಯ ನಾಲ್ಕು ಜೊತೆ ಬಟ್ಟೆಯನ್ನೂ ಮಡಚಿಟ್ಟಳು. ಹೇಗೂ ಖಾಲಿ ಇತ್ತಲ್ಲ.

ರಿಜ್ವಾನ ಮೂವತ್ತರ ಆಸುಪಾಸಿನವನು, ತೆಳ್ಳಗೆ, ಬಾಯಿ ಸುಮ್ಮನಿರದವನು. ಟೆಂಪೊದ ಮುಂದಿನ ಸೀಟಿನಲ್ಲಿ ಅಪ್ಪ ನಡುವೆ, ಪ್ರಾಚಿ ಕಿಟಕಿಗೆ.

"ಸರ, ನಿಮ್ಮ ಗಾಡ್ಯಾಗ ಎಂಜಿನ್ ಯಾರದು?"

"ಸೊಲ್ಲಾಪುರದ್ದು. ಅದರ ಮಾಲಕ ತೀರಿಕೊಂಡ."

"ಗೇರ್ ಬಾಕ್ಸು?"

"ಇಂಡಿದು."

"ಹಂಗಾದ್ರ ನಿಮ್ಮದಂತ ಏನ ಉಳದೈತ್ರಿ ಅದರಾಗ? ಹಾರ್ನ್ ಒಂದ ಇರಬೇಕು."

"ಹಾರ್ನೂ ಅಥಣಿದು," ಎಂದು ಅಪ್ಪ ತಾನೇ ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ. ಪ್ರಾಚಿ ಕಿಟಕಿಯ ಹೊರಗೆ ನೋಡಿದಳು. ಕರಿ ಹೊಲ, ತೊಗರಿ, ಮತ್ತೆ ಕರಿ ಹೊಲ. ಕೈಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಗುತ್ತಿತ್ತು.

ಬಬಲೇಶ್ವರದ ಭಾಗಪ್ಪ ನಿವೃತ್ತ ಬಸ್ ಕಂಡಕ್ಟರ್. ಅಂಗಳದಲ್ಲಿ ಮೂರೇ ಜನ ನಿಂತಿದ್ದರೂ "ಒಳಗ ಸರೀರಿ, ಒಳಗ ಸರೀರಿ, ಬಾಗಲಾಗ ನಿಂದ್ರಬ್ಯಾಡ್ರಿ" ಎಂದು ಎಲ್ಲರನ್ನೂ ಪಡಸಾಲೆಗೆ ದಬ್ಬಿದ. ಗಾಡಿ ಮಗನದಾಗಿತ್ತು, ಮಗ ಹೊಸದು ಕೊಂಡಿದ್ದ. "ಆರ್ಮ್ ಎರಡ ಅದಾವ. ಜಮಖಂಡಿಯವನೊಬ್ಬ ಒಂದು ಕೇಳ್ಯಾನ, ಯಾವ್ದಾದ್ರೂ ನಡೀತೈತಿ, ಇದ್ದದ್ದಕ್ಕ ಗಿರಾಕಿ ಹುಡುಕತೀನಿ ಅಂದಾನ. ನಿಮಗೊಂದು ಅವನಿಗೊಂದು. ಎರಡೂ ಕೇಳಬ್ಯಾಡ್ರಿ, ಮಾತು ಕೊಟ್ಟೇನಿ. ಮೊದಲ ಬಂದವ್ರು ನೀವು, ಬೇಕಾದ್ದು ಆರಿಸಿಕೋರಿ."

ಅಪ್ಪನನ್ನು ಅವನು ಚಹಾಕ್ಕೆ ಕೂರಿಸಿಕೊಂಡ. ಪ್ರಾಚಿ ಚೀಟಿ ಹಿಡಿದು ರಿಜ್ವಾನನ ಹಿಂದೆ ಹಿತ್ತಲಿಗೆ ಹೋದಳು.

ಗಾಡಿ ಥೇಟ್ ಅವರ ಮನೆಯದರಂತೆಯೇ ಇತ್ತು. ಅದೇ ಬೂದುಬಣ್ಣ, ಅದೇ ಉದ್ದ. ಹಿಂದಿನ ಬಾಗಿಲು ಮೇಲೆತ್ತಿಯೇ ಇತ್ತು; ಒಳಗೆ ಒಲೆಗೆ ಬೇಕಾದ ಕುಳ್ಳು ಒಟ್ಟಿದ್ದರು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಕಿಟಕಿಯ ಗಾಜಿನಲ್ಲಿ ಅದು ಕತ್ತು ಹೊರಳಿಸಿ ಅವಳನ್ನು ನೋಡಿತು, ಏಳಲಿಲ್ಲ.

ರಿಜ್ವಾನ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ಸರಿದ. ಅವನ ಕಾಲು ಮಾತ್ರ ಹೊರಗಿದ್ದವು. ಕಾಲುಗಳೇ ಮಾತಾಡಿದವು: "ಹ್ವಾದ ಸಲ ತಪ್ಪಾಗಿತ್ತಂತಲ್ರಿ ಅಕ್ಕಾರ. ಯಾಸೀನ ಮಾವ ಹೇಳ್ದ. ಈ ಸಲ ಯಾವ ಸೈಡು? ಚೀಟ್ಯಾಗ ನೋಡಿ ಹೇಳ್ರಿ."

ಚೀಟಿ ಕೈಯಲ್ಲೇ ಇತ್ತು. ಅಕ್ಷರಗಳು ಸ್ಪಷ್ಟವಾಗಿದ್ದವು.

"ಕ್ಲೀನರ್ ಸೈಡ್," ಎಂದಳು ಪ್ರಾಚಿ.

ಅಷ್ಟು ಸಲೀಸಾಗಿ ಮಾತು ಬಂದದ್ದಕ್ಕೆ ಅವಳೇ ಬೆಚ್ಚಿದಳು. ತೊದಲಲಿಲ್ಲ, ದನಿ ಇಳಿಯಲಿಲ್ಲ. ಹೆಸರು ಕೇಳಿದರೂ ಎರಡು ಸಲ ಹೇಳಬೇಕಾಗುವ ಅವಳ ಬಾಯಿಂದ ಸುಳ್ಳು ಒಂದೇ ಸಲಕ್ಕೆ, ಗಂಟೆ ಹೊಡೆದಂತೆ ಬಂದಿತ್ತು.

"ಕ್ಲೀನರ್ ಸೈಡ್. ಪಕ್ಕಾ?"

"ಹೂಂ."

ಬೋಲ್ಟುಗಳು ತುಕ್ಕು ಹಿಡಿದಿದ್ದವು. ಬಿಚ್ಚಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತೂ ಅವಳಿಗೆ "ಅಲ್ಲ, ತಪ್ಪಿತು" ಎನ್ನಲು ಅವಕಾಶವಿತ್ತು. ಪ್ರತಿ ಬೋಲ್ಟು ಕಿರುಗುಟ್ಟಿ ಸಡಿಲವಾದಾಗಲೂ, ಇನ್ನೂ ಮೂರಿದೆ, ಇನ್ನೂ ಎರಡಿದೆ ಎಂದು ಅಂದುಕೊಂಡಳು. ರಿಜ್ವಾನ ಕೈಗೆ ಗಾಯ ಮಾಡಿಕೊಂಡು ಹೊರಬಂದ. ಹೆಬ್ಬೆರಳಿನ ಬುಡದಲ್ಲಿ ರಕ್ತ ಒಸರುತ್ತಿತ್ತು. "ನಿಮ್ಮ ಗಾಡಿ ಸಲುವಾಗಿ ರಕ್ತಾನೂ ಕೊಟ್ಟೆ ನೋಡ್ರಿ ಅಕ್ಕಾರ. ಇದನ್ನೂ ಚೀಟ್ಯಾಗ ಬರಕೋರಿ," ಎಂದು ನಕ್ಕ. ಅವಳು ತನ್ನ ಕರವಸ್ತ್ರ ಕೊಟ್ಟಳು. ಗಾಯಕ್ಕೆ ಅದನ್ನು ಸುತ್ತಿಕೊಳ್ಳುತ್ತ ಅವನು ಅವಳ ಮುಖ ನೋಡಿ, "ಯಾಕ್ರಿ, ರಕ್ತ ನೋಡಿ ಹೆದರಿದ್ರೇನು?" ಎಂದ.

ದಾರಿಯುದ್ದಕ್ಕೂ ಅಪ್ಪ ಹುರುಪಿನಲ್ಲಿದ್ದ. ಹಿಂದೆ ಟೆಂಪೊದ ತಗಡಿನ ಮೇಲೆ ಆರ್ಮು ಗಡಗಡ ಹೊರಳುತ್ತಿತ್ತು.

ಸಂಜೆ ಐದಕ್ಕೆ ಶೆಡ್ಡು ಮುಟ್ಟಿದರು. ಯಾಸೀನ ಮಣ್ಣು ಮುಗಿಸಿ ಬಂದು, ಬಿಳಿ ಜುಬ್ಬಾದಲ್ಲೇ ಇದ್ದ. ಬಟ್ಟೆ ಬದಲಿಸುವ ಮೊದಲೇ ಟೆಂಪೊದೊಳಗೆ ಇಣುಕಿ ನೋಡಿದ. ಅವನ ಮುಖ ನೋಡುತ್ತಿದ್ದ ಪ್ರಾಚಿಗೆ, ಆರ್ಮು ತಪ್ಪು ಸೈಡಿನದೆಂದು ಅವನಿಗೆ ತಿಳಿದದ್ದು ಗೊತ್ತಾಯಿತು. ಈ ಸಲ ಮೀಸೆ ಅಲುಗಲಿಲ್ಲ.

"ಲೇ ರಿಜ್ವಾನ. ಏನ್ ತಂದಿಲೇ ಇದು?"

"ಆರ್ಮ್, ಮಾವ."

"ಯಾವ ಸೈಡಿಂದು?"

"ಕ್ಲೀನರ್ ಸೈಡ್. ಅಕ್ಕಾರು..."

"ಮತ್ತ ಅದನ್ನ ತಂದೀಯಾ?" ಅಪ್ಪನ ದನಿ ಏರಿತು. ದಿನವಿಡೀ ಹಿಡಿದಿಟ್ಟ ಮೊಣಕಾಲಿನ ನೋವೆಲ್ಲ ಅದರೊಳಗೆ ಬಂತು. "ನಿನ್ನೆ ನನ್ನ ಮುಂದ ಬರದಾಳ ಆಕಿ. ನಾ ಕಣ್ಣಾರೆ ಓದೇನಿ. ಪ್ರಾಚಿ, ಚೀಟಿ ಕೊಡ."

ಅವಳು ಕೊಟ್ಟಳು. ಕೈ ತಾನಾಗಿ ಮುಂದೆ ಹೋಯಿತು. ಅಪ್ಪ ಅದನ್ನು ರಿಜ್ವಾನನ ಮುಖದ ಮುಂದೆ ಹಿಡಿದ. "ಓದಾಕ ಬರ್ತೈತಿಲ್ಲೋ? ಡ್ರೈವರ್ ಸೈಡ್. ಡ್ರೈವರ್. ಬಿ.ಎ. ಓದಿದ ಹುಡುಗಿ ಮುತ್ತಿನಂಗ ಬರದುಕೊಟ್ರೂ ಇಂವ ಹಾದಿ ಬಿಟ್ಟಾನ."

ಚೀಟಿಯನ್ನು ಓದಿ ರಿಜ್ವಾನ ತಲೆಯೆತ್ತಿದ. ಅವನ ಕಣ್ಣು ಸೀದಾ ಪ್ರಾಚಿಯ ಕಡೆ ಬಂದವು. ಅವುಗಳಲ್ಲಿ ಸಿಟ್ಟಿರಲಿಲ್ಲ, ಬರೀ ಪ್ರಶ್ನೆ ಇತ್ತು. ಅವಳು ತಗ್ಗಿ ತನ್ನ ಚಪ್ಪಲಿ ನೋಡಿಕೊಂಡಳು. ಅವಳು ಬರೆದದ್ದು ಸತ್ಯ, ಎಲ್ಲರ ಕಣ್ಣ ಮುಂದಿತ್ತು. ಅವಳು ಆಡಿದ್ದು ಸುಳ್ಳು, ಅದಕ್ಕೆ ಕೋಳಿಯೊಂದನ್ನು ಬಿಟ್ಟು ಸಾಕ್ಷಿಯಿರಲಿಲ್ಲ.

"ಸರ ನನ್ನ ಹದಿನೈದು ವರ್ಷದ ಗಿರಾಕಿ," ಎಂದ ಯಾಸೀನ ತಗ್ಗಿದ ದನಿಯಲ್ಲಿ. ಬೈಗುಳಕ್ಕಿಂತ ಆ ದನಿಯೇ ಕಠಿಣವಾಗಿತ್ತು. "ಒಂದ ಮಾತ ಕೆಟ್ಟದ್ದು ಅನಿಸಿಕೊಂಡಿದ್ದಿಲ್ಲ ನಾನು. ಹುಬ್ಬಳ್ಳ್ಯಾಗೂ ಹಿಂಗ ಮಾಡಿದಿ, ಅದಕ್ಕ ಬಿಡಸಿದ್ರು. ನಿನ್ನಕ್ಕ ಕೈ ಮುಗದ್ಲು ಅಂತ ಇಟಗೊಂಡೆ. ನಾಳಿಂದ ಬರಬ್ಯಾಡ. ಪಾನಾ ಇಡು ಅಲ್ಲಿ."

ರಿಜ್ವಾನ ಪಾನಾದ ಚೀಲವನ್ನು ಬೆಂಚಿನ ಮೇಲಿಟ್ಟ. ಕರವಸ್ತ್ರ ಸುತ್ತಿದ ಕೈಯಿಂದಲೇ ಇಟ್ಟ.

ಯಾಸೀನ ಆಗಲೇ ಭಾಗಪ್ಪನಿಗೆ ಫೋನು ಹಚ್ಚಿದ್ದ. ಆ ಕಡೆಯಿಂದ ಕಂಡಕ್ಟರನ ದನಿ ಎಲ್ಲರಿಗೂ ಕೇಳಿಸುವಂತೆ ಬಂತು: ಜಮಖಂಡಿಯವನು ಇನ್ನೂ ಬಂದಿಲ್ಲ, ಇದನ್ನು ತಂದು ಕೊಟ್ಟು ಅದನ್ನು ಒಯ್ಯಿರಿ, ಅದಕ್ಕೇನು. "ನಸುಕಿನ್ಯಾಗ ನಾನ ಹೋಗಿ ಬಿಚ್ಚಕೊಂಡು ಬರ್ತೀನಿ ಸರ," ಎಂದ ಯಾಸೀನ. "ನಾಳಿ ಸಂಜಿಕ ಗಾಡಿ ನಿಮ್ಮ ಬಾಗಲಾಗ. ಶುಕ್ರವಾರ ನೀವು ಸಾಂಗ್ಲಿಗೆ ಹೊಂಡೂದು ತಪ್ಪಾಂಗಿಲ್ಲ."

"ಹಂಗಾದ್ರ ಆತು," ಎಂದು ಅಪ್ಪ ಉಸಿರು ಬಿಟ್ಟ. ಸಿಟ್ಟು ಇಳಿದಿತ್ತು. "ನಡಿ ಪ್ರಾಚಿ. ನಿಮ್ಮವ್ವಗ ಫೋನ್ ಮಾಡಿ ಹೇಳು, ಎಲ್ಲಾ ಕಟ್ಟಿ ಇಡ ಅನ್ನು."

ಪ್ರಾಚಿ ಮೊಬೈಲು ತೆಗೆದಳು. ಒತ್ತಲಿಲ್ಲ. ಹೇಳಿದ ಸುಳ್ಳು ಒಂದು ದಿನವನ್ನೂ ಗಳಿಸಿರಲಿಲ್ಲ. ಒಬ್ಬ ಮನುಷ್ಯನ ಕೆಲಸ ಮಾತ್ರ ಹೋಗಿತ್ತು. ನಾಳೆ ಸಂಜೆ ಗಾಡಿ, ನಾಡಿದ್ದು ನಸುಕಿಗೆ ತೊಟ್ಟಿಲು, ಹಾಸಿಗೆ, ತಾನು. ಹುಡುಕಲು ಇನ್ನು ಯಾವ ಸಾಮಾನೂ ಉಳಿದಿರಲಿಲ್ಲ.

ನಳದ ಬಳಿ ಕೈ ತೊಳೆದುಕೊಂಡ ರಿಜ್ವಾನ ಹೊರಡುವವನು, ಅಪ್ಪನ ಹತ್ತಿರ ಬಂದು ನಿಂತ. "ಸರ, ಸಿಟ್ಟಾಗಬ್ಯಾಡ್ರಿ. ಅಕ್ಕಾರು ಡ್ರೈವರ್ ಅಂತಾನ ಅಂದಿರಬೇಕು. ಗಾಡಿ ಕೆಳಗ ಮಲಗಿದಾಗ ನನಗ ನೆಟ್ಟಗ ತಿಳಿದಿರಾಕಿಲ್ಲ. ತಪ್ಪು ನಂದ." ಹೇಳುವಾಗ ಅವನು ಪ್ರಾಚಿಯನ್ನು ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂಬುದು ಅವಳಿಗೆ ತಿಳಿಯಿತು.

ಅಪ್ಪ ಕೈಯಾಡಿಸಿ, "ಹೋಗ್ಲಿ ಬಿಡಪ್ಪಾ, ಇನ್ನ ಮ್ಯಾಲ ನಿಗಾ ಇಟ್ಟು ಮಾಡು" ಎಂದ. ರಿಜ್ವಾನ ಗೇಟಿನ ಕಡೆ ನಡೆದ.

ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಯಾವ ತಪ್ಪನ್ನೂ ಮಾಡದವಳಾಗಿ, ಮುತ್ತಿನಂತೆ ಬರೆಯುವವಳಾಗಿ, ಅಪ್ಪನ ಹಿಂದೆ ಆಟೊ ಹತ್ತಬಹುದಿತ್ತು. ಅಪ್ಪ ಕುಂಟುತ್ತ ನಾಲ್ಕು ಹೆಜ್ಜೆ ಹೋಗಿ, ಅವಳು ಬರದಿದ್ದುದನ್ನು ನೋಡಿ ತಿರುಗಿ ನಿಂತ.

"ಯಾಕವಾ? ಬಾ."

ಅವಳು ಕೈಯಲ್ಲಿದ್ದ ಮೊಬೈಲನ್ನು ಒಳಗಿಟ್ಟಳು. ಯಾಸೀನ ಕೂಡ ಜುಬ್ಬಾದ ತೋಳು ಮಡಚುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದ. ಗೇಟಿನ ಬಳಿ ರಿಜ್ವಾನ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ, ಇನ್ನೊಂದು ಗಳಿಗೆಯಲ್ಲಿ ರಸ್ತೆಗೆ ಇಳಿಯುತ್ತಿದ್ದ. ಅವನಿಗೂ ಕೇಳಿಸಬೇಕಾದರೆ ಗಟ್ಟಿಯಾಗಿಯೇ ಹೇಳಬೇಕಿತ್ತು.

"ಅವ್ರದೇನೂ ತಪ್ಪಿಲ್ಲ ಅಪ್ಪಾ," ಎಂದಳು ಪ್ರಾಚಿ. "ನಾನ ಬೇಕಂತ ಸುಳ್ಳ ಹೇಳೇನಿ. ನನಗ ಸಾಂಗ್ಲಿಗೆ ಹೋಗೂದು ಬ್ಯಾಡಾಗೇತಿ."